ಹನ್ನೆರಡೂಮುಕ್ಕಾಲಿಗೆ ತೆರೆಯುವ ಡಬ್ಬಿ: ಶಾಲೆಯ ಬುತ್ತಿಯನ್ನು ಹೊಸದಾಗಿ ಕಟ್ಟಿದ ದಾಖಲೆ

ಮೈಸೂರಿನ ನಮ್ಮ ಮನೆಯಿಂದ ಊಟದ ಡಬ್ಬಿಗಳು ಹೊರಡುವುದು ಬೆಳಿಗ್ಗೆ ಏಳೂಮುಕ್ಕಾಲಿಗೆ. ಮಕ್ಕಳು ಅವನ್ನು ತೆರೆಯುವುದು ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ. ನಡುವಿನ ಐದು ಗಂಟೆಗಳಲ್ಲಿ ಡಬ್ಬಿ ಶಾಲೆಯ ವ್ಯಾನಿನಲ್ಲಿ ಕುಲುಕುತ್ತದೆ, ಚೀಲಗಳ ರಾಶಿಯ ಅಡಿಯಲ್ಲಿ ಓರೆಯಾಗಿ ಬಿದ್ದಿರುತ್ತದೆ, ಮಾರ್ಚ್ ಕಳೆದ ಮೇಲಂತೂ ಕಾದ ತರಗತಿಯಲ್ಲಿ ಕಾಯುತ್ತದೆ. ನಾಲ್ಕನೆಯ ತರಗತಿಯ ಮಗಳದೂ ಯುಕೆಜಿಯ ಮಗನದೂ ಡಬ್ಬಿಗಳು ಅರ್ಧ ತುಂಬಿಯೇ ಮರಳುವುದು ವಾಡಿಕೆಯಾದಾಗ, ಹೊಸ ತಿಂಡಿಗಳನ್ನು ಹುಡುಕುವ ಮೊದಲು ಈ ಐದು ಗಂಟೆಗಳಲ್ಲಿ ಡಬ್ಬಿಯೊಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು ನಿರ್ಧರಿಸಿದೆ. ಮನೆಯಲ್ಲಿ ಬೆಳಗಿನ ಅಡುಗೆ ನನ್ನ ಪಾಲಿನ ಕೆಲಸ, ಮತ್ತು ವಾರದ ಹೆಚ್ಚಿನ ದಿನ ನಾನು ಮನೆಯಿಂದಲೇ ಕಚೇರಿ ಕೆಲಸ ಮಾಡುವುದರಿಂದ ಈ ಪರೀಕ್ಷೆ ಸಾಧ್ಯವಾಯಿತು.

ಜೋಡಿ ಡಬ್ಬಿ

ಕ್ರಮ ಸರಳವಾಗಿದೆ. ಮಗಳ ಡಬ್ಬಿಗೆ ತುಂಬಿದ್ದನ್ನೇ, ಅದೇ ಅಳತೆಯ ಇನ್ನೊಂದು ಸ್ಟೀಲ್ ಡಬ್ಬಿಗೆ ಅದೇ ಗಳಿಗೆಯಲ್ಲಿ ತುಂಬಿ, ಅಂಥದೇ ಚೀಲದಲ್ಲಿಟ್ಟು, ಫ್ಯಾನಿಲ್ಲದ ಕೋಣೆಯಲ್ಲಿ ಬಿಡುತ್ತೇನೆ. ಹನ್ನೆರಡೂಮುಕ್ಕಾಲಿಗೆ ಅದನ್ನು ತೆರೆದು, ಬಿಸಿ ಮಾಡದೆ, ಮೇಲೊಂದು ಚಮಚ ತುಪ್ಪವನ್ನೂ ಸುರಿಯದೆ ಅದನ್ನೇ ಊಟ ಮಾಡುತ್ತೇನೆ. ಅನ್ನ ಗಟ್ಟಿಯಾಗಿದೆಯೇ, ಮುಚ್ಚಳದ ಒಳಗೆ ನೀರು ನಿಂತಿದೆಯೇ, ವಾಸನೆ ಹೇಗಿದೆ, ಬಣ್ಣ ಎಷ್ಟು ಇಳಿದಿದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆಯುತ್ತೇನೆ. ಸಂಜೆ ಮಕ್ಕಳ ಡಬ್ಬಿ ಬಂದ ಮೇಲೆ ಉಳಿದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆ ಟಿಪ್ಪಣಿಯ ಪಕ್ಕದಲ್ಲಿ ಗುರುತು ಹಾಕುತ್ತೇನೆ. “ಯಾಕೆ ಬಿಟ್ಟೆ?” ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವುದನ್ನು ಈ ಅವಧಿಯಲ್ಲಿ ಪೂರ್ತಿ ನಿಲ್ಲಿಸಿದೆ, ಏಕೆಂದರೆ ಆ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಗದರಿಕೆಯನ್ನು ತಪ್ಪಿಸುವ ಉತ್ತರವಾಗಿರುತ್ತದೆಯೇ ಹೊರತು ಊಟದ ವಿಷಯದ್ದಾಗಿರುವುದಿಲ್ಲ.

ಜೋಡಿ ಡಬ್ಬಿ ಮೊದಲು ತಿಳಿಸಿದ ಸಂಗತಿ ಸ್ಪಷ್ಟವಾಗಿತ್ತು: ಒಲೆಯ ಮುಂದೆ ರುಚಿ ನೋಡಿ ಒಪ್ಪಿದ ಅಡುಗೆಗೂ ಮಧ್ಯಾಹ್ನ ಮಕ್ಕಳ ಕೈಗೆ ಸಿಗುವ ಅಡುಗೆಗೂ ಸಂಬಂಧ ತೀರಾ ಕಡಿಮೆ. ಬೆಳಿಗ್ಗೆ ಹೂವಿನಂತಿದ್ದ ಉಪ್ಪಿಟ್ಟು ಮಧ್ಯಾಹ್ನಕ್ಕೆ ಡಬ್ಬಿಯ ಆಕಾರದಲ್ಲೇ ಎದ್ದು ಬರುವ ಗಟ್ಟಿ ಹೆಂಟೆಯಾಗಿರುತ್ತದೆ. ಹೀಗಾಗಿ ಪ್ರತಿ ತಿಂಡಿಯನ್ನೂ ಅದನ್ನು ತಿನ್ನುವ ಹೊತ್ತಿನ ರುಚಿಯಿಂದಲೇ ಅಳೆಯುವುದೆಂದು ಗೊತ್ತುಮಾಡಿಕೊಂಡೆ.

ಪಾತ್ರೆಯ ದುರಸ್ತಿ

ಅಡುಗೆಗೆ ಕೈ ಹಾಕುವ ಮೊದಲು ಡಬ್ಬಿಗಳನ್ನು ಸರಿಪಡಿಸಬೇಕಾಯಿತು. ಪ್ರತಿ ಡಬ್ಬಿಗೂ ಅಂಚಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಹಳೆಯ ದಿನಪತ್ರಿಕೆಯ ಮೇಲೆ ಕಾಲು ಗಂಟೆ ಬೋರಲು ಹಾಕಿದೆ. ಪತ್ರಿಕೆಯಲ್ಲಿ ಒದ್ದೆಯ ಗುರುತು ಎಲ್ಲಿ ಮೂಡುತ್ತದೋ ಅಲ್ಲಿ ಸೋರಿಕೆಯಿದೆ. ಕೆಲವು ಡಬ್ಬಿಗಳಲ್ಲಿ ಕ್ಲಿಪ್ಪಿನ ಹಿಡಿತ ಸಡಿಲವಾಗಿತ್ತು. ಇಕ್ಕಳದಿಂದ ಅದರ ತುದಿಯನ್ನು ತುಸು ಒಳಕ್ಕೆ ಬಾಗಿಸಿದ್ದೇ ಸಾಕಾಯಿತು. ಉಳಿದವುಗಳಲ್ಲಿ ದೋಷವಿದ್ದದ್ದು ಮುಚ್ಚಳದೊಳಗಿನ ಸಿಲಿಕೋನ್ ಉಂಗುರದಲ್ಲಿ. ಅದನ್ನು ತೋಡಿನಿಂದ ಹೊರತೆಗೆಯದೆ ತೊಳೆದರೆ ಅಡಿಯಲ್ಲಿ ಎಣ್ಣೆ ಮತ್ತು ಅನ್ನದ ಕಣಗಳು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ, ಎಷ್ಟೇ ಒಳ್ಳೆಯ ಅಡುಗೆ ತುಂಬಿದರೂ ಮುಚ್ಚಳ ತೆರೆದ ಕೂಡಲೇ ಹಳಸಲು ವಾಸನೆ ಬರುತ್ತದೆ. ಈಗ ಪ್ರತಿ ಸಂಜೆ ಚಮಚದ ಹಿಡಿಯಿಂದ ಉಂಗುರವನ್ನು ಎಬ್ಬಿಸಿ ಬೇರೆಯಾಗಿ ತೊಳೆದು ಒಣಗಿಸುತ್ತೇವೆ. ವಾರಕ್ಕೊಮ್ಮೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸುತ್ತೇವೆ. ಕಪ್ಪು ಚುಕ್ಕೆ ಹೋಗದ ಉಂಗುರಗಳನ್ನು ಬಿಸಾಡಿ, ತೋಡಿನ ಸುತ್ತಳತೆಯನ್ನು ದಾರದಿಂದ ಅಳೆದುಕೊಂಡು ಪಾತ್ರೆ ಅಂಗಡಿಗೆ ಹೋದರೆ ಹೊಂದುವ ಉಂಗುರ ಸಿಗುತ್ತದೆ. ಡಬ್ಬಿಯನ್ನೇ ಬದಲಿಸುವ ಅಗತ್ಯ ಬಹುತೇಕ ಬರುವುದಿಲ್ಲ.

ಇನ್ನೊಂದು ದೋಷ ಕಂಡದ್ದು ಭಾನುವಾರ. ಮಕ್ಕಳಿಬ್ಬರಿಗೂ ಮನೆಯಲ್ಲೇ ಡಬ್ಬಿ ಕಟ್ಟಿ, ಮಧ್ಯಾಹ್ನ ಯಾರ ಸಹಾಯವೂ ಇಲ್ಲದೆ ತೆರೆದು ಉಣ್ಣುವಂತೆ ಹೇಳಿದೆ. ಮಗ ಮುಚ್ಚಳವನ್ನು ಎಷ್ಟು ಎಳೆದರೂ ಅದು ಜಗ್ಗಲಿಲ್ಲ. “ಅಪ್ಪಾ, ಶಾಲೆಯಲ್ಲೂ ಹೀಗೇ ಬರಲ್ಲ, ಆಯಮ್ಮ ಬರೋವರೆಗೂ ಕಾಯ್ತೀನಿ” ಎಂದ. ಬಿಸಿ ಅನ್ನವನ್ನು ತುಂಬಿ ಕೂಡಲೇ ಬಿಗಿದರೆ ಒಳಗಿನ ಹಬೆ ತಣಿದು ನೀರಾಗುತ್ತದೆ, ಗಾಳಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಆರು ವರ್ಷದ ಮಗುವಿನ ಬೆರಳುಗಳಿಗೆ ಅದನ್ನು ಬಿಡಿಸುವ ಬಲವಿರುವುದಿಲ್ಲ. ಊಟದ ಬಿಡುವಿನ ಒಂದು ಭಾಗ ಮುಚ್ಚಳಕ್ಕಾಗಿಯೇ ಕಳೆದುಹೋಗುತ್ತಿದ್ದರೆ ಅನ್ನ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಅಡುಗೆಯನ್ನು ಅಗಲ ತಟ್ಟೆಯಲ್ಲಿ ಹತ್ತು ಹದಿನೈದು ನಿಮಿಷ ಹರಡಿ, ಹಬೆ ಹೋದ ಮೇಲೆ ತುಂಬಿದರೆ ಮುಚ್ಚಳವೂ ಸಲೀಸಾಗಿ ತೆರೆಯುತ್ತದೆ, ಒಳಗೆ ನೀರೂ ಇಳಿಯುವುದಿಲ್ಲ. ಮಕ್ಕಳಿಗೆ ಹೊಸ ಡಬ್ಬಿ ಕೊಳ್ಳುವವರು ಅಂಗಡಿಯಲ್ಲೇ ಮಗುವಿನ ಕೈಯಿಂದ ತೆರೆಸಿ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಬಣ್ಣ ಮತ್ತು ಚಿತ್ರಗಳ ವಿಚಾರ ಆಮೇಲಿನದು.

ಎಷ್ಟು, ಏನು

ಪ್ರಮಾಣಕ್ಕೆ ನಾನು ಆಧಾರವಾಗಿ ಹಿಡಿದದ್ದು ಸರ್ಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟದ ಅಳತೆಯನ್ನು. ಪ್ರಾಥಮಿಕ ತರಗತಿಯ ಒಂದು ಮಗುವಿಗೆ ಆ ಯೋಜನೆ ಗೊತ್ತುಪಡಿಸಿರುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟಾರೆ 450 ಕಿಲೋಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್. ಖಾಸಗಿ ಶಾಲೆಗೆ ಡಬ್ಬಿ ಕಳಿಸುವ ನಾವು ಈ ಅಳತೆಯತ್ತ ಕಣ್ಣು ಹಾಯಿಸುವುದೇ ಇಲ್ಲ, ಆದರೆ ನಮ್ಮ ಡಬ್ಬಿಯ ಚಿತ್ರಾನ್ನವನ್ನು ಅದರ ಪಕ್ಕದಲ್ಲಿಟ್ಟು ತೂಗಿದರೆ ಕೊರತೆ ಎದ್ದು ಕಾಣುತ್ತದೆ. ಒಗ್ಗರಣೆಯ ಕಡಲೆಬೇಳೆ, ಉದ್ದಿನಬೇಳೆ ಒಂದು ಚಮಚದಷ್ಟು. ತರಕಾರಿಯೆಂದರೆ ಅರ್ಧ ಈರುಳ್ಳಿ ಮತ್ತು ಕೊತ್ತಂಬರಿ. ಉಳಿದದ್ದೆಲ್ಲ ಅನ್ನ.

100 ಗ್ರಾಂ ಅಕ್ಕಿ ಬೆಂದರೆ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಬಡಿಸಿಕೊಂಡು ಬಿಸಿಯಾಗಿ ಉಣ್ಣುವ ಮಗುವಿಗೆ ಅದು ಹಿಡಿಸಬಹುದು. ತಣ್ಣನೆಯ ಡಬ್ಬಿಯಿಂದ ಚಿಕ್ಕ ಬಿಡುವಿನಲ್ಲಿ ಅಷ್ಟು ಅನ್ನ ತಿನ್ನುವುದು ನನ್ನ ಮಗಳಿಗೆ ಆಗುವುದಿಲ್ಲ ಎಂಬುದು ತಕ್ಕಡಿಯಿಂದ ಗೊತ್ತಾಯಿತು. ಆದ್ದರಿಂದ ಅವಳ ಡಬ್ಬಿಯಲ್ಲಿ ಅಕ್ಕಿಯನ್ನು 65 ಗ್ರಾಂ ಆಸುಪಾಸಿಗೆ ಇಳಿಸಿ, ಬೇಳೆಯನ್ನು 30 ಗ್ರಾಮಿಗೆ ಏರಿಸಿ, ಹುರಿದ ಕಡಲೆಕಾಯಿ ಬೀಜವನ್ನು 15 ಗ್ರಾಂ ಸೇರಿಸಿದೆ. ಒಂದು ಚಮಚ ಎಣ್ಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಶಕ್ತಿ ಅದೇ 450ರ ಹತ್ತಿರ ನಿಲ್ಲುತ್ತದೆ, ಪ್ರೋಟೀನ್ ಮಾತ್ರ 15 ಗ್ರಾಂ ಮುಟ್ಟುತ್ತದೆ, ಡಬ್ಬಿಯ ಗಾತ್ರ ಕಿರಿದಾಗುತ್ತದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಹೊತ್ತಿನಲ್ಲಿ ಸೇರಿದಂತಾಯಿತು. ಮಗನ ಡಬ್ಬಿಗೆ ಇದರ ಮುಕ್ಕಾಲು ಪಾಲು ಸಾಕು. ಮಕ್ಕಳು ಡಬ್ಬಿ ಹಂಚಿಕೊಂಡು ತಿನ್ನುತ್ತಾರಾದ್ದರಿಂದ, ತರಗತಿಯಲ್ಲಿ ಯಾವ ಮಗುವಿಗಾದರೂ ಕಡಲೆಕಾಯಿ ಒಗ್ಗುವುದಿಲ್ಲವೇ ಎಂದು ಶಿಕ್ಷಕಿಯವರನ್ನು ಮೊದಲೇ ವಿಚಾರಿಸಿಕೊಂಡೆ.

ಅನ್ನ

ಜೋಡಿ ಡಬ್ಬಿಯ ಪರೀಕ್ಷೆಯಲ್ಲಿ ಅತ್ಯುತ್ತಮವಾಗಿ ನಿಂತದ್ದು ಮೊಸರನ್ನ, ಆದರೆ ನಮ್ಮ ತಾಯಿ ಹೇಳಿಕೊಟ್ಟ ಕ್ರಮದಲ್ಲಿ ಕಲಸಿದಾಗ ಮಾತ್ರ. ಅನ್ನಕ್ಕೆ ಮೊಸರನ್ನೇ ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಏರುತ್ತದೆ, ಅನ್ನ ನೀರನ್ನೆಲ್ಲ ಹೀರಿ ಗಟ್ಟಿಯಾಗುತ್ತದೆ. ಬುತ್ತಿಗಾಗಿ ಮಾಡುವ ಮೊಸರನ್ನಕ್ಕೆ ಮೆತ್ತಗೆ ಬೆಂದ ಅನ್ನವನ್ನು ಬಿಸಿಯಿರುವಾಗಲೇ ಮಸೆದು, ಒಂದು ಲೋಟ ಅನ್ನಕ್ಕೆ ಮುಕ್ಕಾಲು ಲೋಟದಂತೆ ಕಾಯಿಸಿದ ಹಾಲನ್ನು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದು ದೊಡ್ಡ ಚಮಚ ಮೊಸರನ್ನು ಹಾಕಬೇಕು. ಹೆಪ್ಪು ಡಬ್ಬಿಯೊಳಗೇ ಕೂಡುತ್ತದೆ, ತೆರೆಯುವ ಹೊತ್ತಿಗೆ ಹೊಸ ಮೊಸರಿನ ಸಿಹಿ ಇರುತ್ತದೆ. ಸಂಕ್ರಾಂತಿಯ ಚಳಿಯಲ್ಲಿ ಮೊಸರನ್ನು ಒಂದೂವರೆ ಚಮಚಕ್ಕೆ ಏರಿಸುತ್ತೇನೆ, ಏಪ್ರಿಲ್‌ನಲ್ಲಿ ಅರ್ಧ ಚಮಚಕ್ಕೆ ಇಳಿಸುತ್ತೇನೆ. ಸೌತೆಕಾಯಿ ಬೆರೆಸಿದರೆ ನೀರು ಬಿಡುತ್ತದೆ. ತುರಿದ ಕ್ಯಾರೆಟ್ ಮತ್ತು ದಾಳಿಂಬೆ ಕಾಳು ಬಿಡುವುದಿಲ್ಲ. ರೈಲಿನಲ್ಲಿ, ಜಾತ್ರೆಗೆ ಹೋಗುವ ಗಾಡಿಯಲ್ಲಿ ಬುತ್ತಿ ಬಿಚ್ಚಿ ಉಂಡವರು ರೂಪಿಸಿದ ಅಡುಗೆಯಿದು. ಹೊತ್ತು ಕಳೆದಷ್ಟೂ ಹದಗೊಳ್ಳುವ ಇಂಥ ಅಡುಗೆಗಳು ನಮ್ಮಲ್ಲಿ ಇರುವಾಗ, ಒಲೆಯಿಂದ ಇಳಿಸಿದ ಕ್ಷಣಕ್ಕೆ ಮಾತ್ರ ಚೆಂದವಿರುವ ನೂಡಲ್ಸನ್ನು ಡಬ್ಬಿಗೆ ತುಂಬುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಪುಳಿಯೋಗರೆಯೂ ಅದೇ ಜಾತಿಯದು. ಹುಣಸೆಯ ಹುಳಿ, ಎಣ್ಣೆ, ಉಪ್ಪು ಮೂರೂ ಸೇರಿ ಅದನ್ನು ಕಾಯುತ್ತವೆ, ಮತ್ತು ಗೊಜ್ಜು ಅನ್ನಕ್ಕೆ ಇಳಿಯಲು ಐದು ಗಂಟೆಯೇ ಸರಿಯಾದ ಕಾಲ. ಬೇಳೆ, ತರಕಾರಿಗಳ ಕೊರತೆಯನ್ನು ಪಕ್ಕದ ಪುಟ್ಟ ಡಬ್ಬಿಯ ಹೆಸರುಬೇಳೆ ಕೋಸಂಬರಿಯಿಂದ ತುಂಬಬೇಕು. ಕೋಸಂಬರಿಗೆ ಬೆಳಿಗ್ಗೆಯೇ ಉಪ್ಪು ಹಾಕಿದರೆ ಮಧ್ಯಾಹ್ನಕ್ಕೆ ಅದು ನೀರಿನಲ್ಲಿ ತೇಲುತ್ತದೆ, ಆದ್ದರಿಂದ ಬೇಳೆ ಮತ್ತು ತುರಿದ ಕ್ಯಾರೆಟ್ಟಿಗೆ ಒಗ್ಗರಣೆಯನ್ನಷ್ಟೇ ಕಲಸಿ, ಉಪ್ಪಿನ ಪೊಟ್ಟಣವನ್ನೂ ನಿಂಬೆಯ ಹೋಳನ್ನೂ ಬೇರೆಯಾಗಿ ಇಡುತ್ತೇನೆ. ಮಗಳು ಅದನ್ನು ತಾನೇ ಹಿಂಡಿ ಕಲಸುತ್ತಾಳೆ. ಆ ಕೆಲಸ ಅವಳಿಗೆ ಬಿಟ್ಟ ದಿನದಿಂದ ಕೋಸಂಬರಿ ಮರಳಿ ಬಂದದ್ದಿಲ್ಲ. ನಿಂಬೆಯ ಸಿ ಜೀವಸತ್ವದಿಂದ ಬೇಳೆಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದು ಸುಲಭವಾಗುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಅನ್ನದ ವಿಷಯದಲ್ಲಿ ಒಂದು ನಿಯಮವನ್ನು ಮಾತ್ರ ಎಂದೂ ಸಡಿಲಿಸುವುದಿಲ್ಲ: ಡಬ್ಬಿಯ ಅನ್ನ ಅಂದಿನ ಬೆಳಗಿನದೇ ಆಗಿರಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ರಾತ್ರಿಯ ಅನ್ನ ಹೊರಗೇ ಉಳಿದರೆ ಅವು ಮೊಳೆತು ಬೆಳೆಯುತ್ತವೆ, ಅವು ಬಿಡುವ ಒಂದು ಬಗೆಯ ವಿಷ ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಅಂಥ ಅನ್ನವನ್ನು ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿ, ಇನ್ನೂ ಐದು ಗಂಟೆ ಬೆಚ್ಚಗೆ ಇಡುವುದು ಅಪಾಯದ ಕೆಲಸ. ಬೇಸಿಗೆಯಲ್ಲಿ ಹಸಿ ತೆಂಗಿನಕಾಯಿ ಚಟ್ನಿಯನ್ನು ಕೂಡ ಇದೇ ಎಚ್ಚರದಿಂದ ಬಿಟ್ಟಿದ್ದೇನೆ. ಇಡ್ಲಿಯ ಜೊತೆಗೆ ಎಳ್ಳೆಣ್ಣೆಯಲ್ಲಿ ಕಲಸಿದ ಹುರಿಗಡಲೆ ಚಟ್ನಿಪುಡಿಯನ್ನು ಸವರಿ ಕಳಿಸಿದರೆ ಇಡ್ಲಿಯ ಮೈಯೂ ಒಣಗುವುದಿಲ್ಲ.

ಬಿಸಿಬೇಳೆಬಾತ್ ಅಥವಾ ಸಾರನ್ನವನ್ನು ಬಿಸಿಯಾಗಿಯೇ ಕಳಿಸಬೇಕೆಂದರೆ ಜೋಡಿ ಗೋಡೆಯ, ನಡುವೆ ನಿರ್ವಾತವಿರುವ ಪಾತ್ರೆಯೇ ಬೇಕು. ಅದಕ್ಕೆ ಕುದಿಯುವ ನೀರನ್ನು ತುಂಬಿ ಹತ್ತು ನಿಮಿಷ ಮುಚ್ಚಿಟ್ಟು, ನೀರು ಚೆಲ್ಲಿದ ಕೂಡಲೇ ಹೊಗೆಯಾಡುವ ಅಡುಗೆಯನ್ನು ಅಂಚಿನವರೆಗೆ ತುಂಬಬೇಕು. ಇಲ್ಲಿ ತಟ್ಟೆಯಲ್ಲಿ ಹರಡಿ ಆರಿಸುವ ಕ್ರಮ ಸಲ್ಲದು, ಏಕೆಂದರೆ ಅಡುಗೆ 60 ಡಿಗ್ರಿಗಿಂತ ಮೇಲೆ ನಿಂತಷ್ಟು ಹೊತ್ತು ಮಾತ್ರ ಸೂಕ್ಷ್ಮಜೀವಿಗಳು ಬೆಳೆಯದೆ ಇರುತ್ತವೆ. ಪಾತ್ರೆಯನ್ನು ಅರ್ಧಕ್ಕೆ ತುಂಬಿದರೆ ಅಷ್ಟೇ ಬೇಗ ತಣಿಯುತ್ತದೆ. ಮಗನಿಗೆ ಬೇಕಾದ ಸಣ್ಣ ಪ್ರಮಾಣಕ್ಕೆ 300 ಮಿಲಿಲೀಟರಿನ ಪಾತ್ರೆಯನ್ನೇ ತಂದೆ.

ಚಪಾತಿ ಮತ್ತು ರಾಗಿ ರೊಟ್ಟಿ

ಚಪಾತಿ ಗಡುಸಾಗುವುದಕ್ಕೆ ಕಾರಣ ಎರಡು: ನೀರು ಆರುವುದು ಮತ್ತು ಬೆಂದ ಪಿಷ್ಟ ತಣಿದಂತೆ ಮತ್ತೆ ಬಿಗಿಯುವುದು. ಮೊದಲನೆಯದನ್ನು ಹಿಟ್ಟು ಕಲಸುವಾಗಲೇ ತಡೆಯಬಹುದು. ಚೆನ್ನಾಗಿ ಬೆಚ್ಚಗಿರುವ ನೀರಿನಲ್ಲಿ, ಕೈಗೆ ತುಸು ಅಂಟುವಷ್ಟು ಮೆತ್ತಗೆ ಕಲಸಿ, ಒಂದು ಚಮಚ ಎಣ್ಣೆ ಸೇರಿಸಿ ನಾದಿ, ಅರ್ಧ ಗಂಟೆ ಮುಚ್ಚಿಡುತ್ತೇನೆ. ಹಂಚು ಚೆನ್ನಾಗಿ ಕಾದಿರಬೇಕು. ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಿದ ಚಪಾತಿ ಹಂಚಿನ ಮೇಲೇ ನೀರು ಕಳೆದುಕೊಂಡಿರುತ್ತದೆ. ಬೆಂದವುಗಳಿಗೆ ತುಪ್ಪ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಸಮೇತ ಡಬ್ಬಿಗಿಡುತ್ತೇನೆ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಚಪಾತಿ ಬೆವರಿ, ಒಂದು ಕಡೆ ತೊಯ್ದು ಇನ್ನೊಂದು ಕಡೆ ಬಿರುಸಾಗಿರುತ್ತದೆ. ಬಟ್ಟೆ ಹಬೆಯನ್ನು ಹೀರಿಕೊಂಡು ತೇವವನ್ನು ಅಲ್ಲೇ ಹಿಡಿದಿಡುತ್ತದೆ.

ರಾಗಿ ರೊಟ್ಟಿಗೆ ಹೆಚ್ಚು ಶ್ರಮ ಬೇಕಾಯಿತು. ರಾಗಿಯಲ್ಲಿ ಗೋಧಿಯ ಜಿಗುಟು ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿ ತಟ್ಟಿದ ರೊಟ್ಟಿ ಮಧ್ಯಾಹ್ನಕ್ಕೆ ಬಿರುಕು ಬಿಟ್ಟು ಒಡೆಯುತ್ತದೆ. ಕುದಿಯುವ ಉಪ್ಪುನೀರಿಗೆ ಹಿಟ್ಟು ಸುರಿದು, ಒಲೆ ಆರಿಸಿ ಐದು ನಿಮಿಷ ಮುಚ್ಚಿಟ್ಟು, ಬಿಸಿಯಿರುವಾಗಲೇ ನಾದಿದರೆ ಹಿಟ್ಟು ಅರೆಬೆಂದು ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ತುರಿದ ಕ್ಯಾರೆಟ್, ತರಿತರಿಯಾದ ಕಡಲೆಕಾಯಿ ಪುಡಿ ಸೇರಿಸಿ ಬಾಳೆಲೆಯ ಮೇಲೆ ತೆಳ್ಳಗೆ ತಟ್ಟುತ್ತೇನೆ. ಜೋಡಿ ಡಬ್ಬಿಯಲ್ಲಿ ಇದು ಮಡಿಸಿದರೂ ಮುರಿಯದಷ್ಟು ಮೆತ್ತಗೆ ಉಳಿಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೋರಿಸುತ್ತದೆ. 50 ಗ್ರಾಂ ಹಿಟ್ಟಿನ ಎರಡು ಪುಟ್ಟ ರೊಟ್ಟಿಗಳು ಮಗಳ ದಿನದ 650 ಮಿಲಿಗ್ರಾಂ ಅಗತ್ಯದ ಕಾಲು ಭಾಗವನ್ನು ಮೀರುತ್ತವೆ. ಹಾಲನ್ನು ಇಷ್ಟಪಡದ ಮಗುವಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಬಣ್ಣ, ವಾಸನೆ, ತುತ್ತು

ಡಬ್ಬಿಯನ್ನು ಅಂದಗೊಳಿಸುವುದೆಂದರೆ ಕ್ಯಾರೆಟ್ಟನ್ನು ಹೂವಿನಾಕಾರಕ್ಕೆ ಕೊರೆಯುವುದೆಂದು ಅನೇಕರು ಭಾವಿಸುತ್ತಾರೆ. ಐದು ಗಂಟೆಗಳ ಕುಲುಕಾಟದ ನಂತರ ಆ ಹೂವು ಎಲ್ಲಿರುತ್ತದೆಂದು ಜೋಡಿ ಡಬ್ಬಿಯನ್ನು ಕುಲುಕಿ ನೋಡಿದರೆ ತಿಳಿಯುತ್ತದೆ. ಉಳಿಯುವ ಅಂದ ಬೇರೆಯೇ ಆಗಿದೆ. ಪಾಲಕ್ ಅನ್ನ ಮಧ್ಯಾಹ್ನಕ್ಕೆ ಮಂಕು ಕಂದುಹಸಿರಾಗುವುದು ಸೊಪ್ಪಿನ ಹಸಿರಿನ ಮೇಲೆ ಬಿಸಿ ಮತ್ತು ಹುಳಿ ಒಟ್ಟಿಗೆ ಕೆಲಸ ಮಾಡುವುದರಿಂದ. ನಿಂಬೆಯನ್ನು ಬಿಟ್ಟು, ತಟ್ಟೆಯಲ್ಲಿ ಪೂರ್ತಿ ಆರಿಸಿ ತುಂಬಿದರೆ ಹಸಿರು ಬಹುಮಟ್ಟಿಗೆ ನಿಲ್ಲುತ್ತದೆ. ಬೀಟ್ರೂಟ್ ಪಲ್ಯವನ್ನು ಅನ್ನದ ಪಕ್ಕ ಇಟ್ಟರೆ ಎಲ್ಲವೂ ಕೆಂಪಾಗುತ್ತದೆ, ಆದ್ದರಿಂದ ಅದಕ್ಕೆ ಪ್ರತ್ಯೇಕ ಬಟ್ಟಲು.

ವಾಸನೆಯ ಮಾತನ್ನು ಮಕ್ಕಳು ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಪಕ್ಕದವರು ಮೂಗು ಮುಚ್ಚಿಕೊಂಡರೆಂಬ ಒಂದೇ ಕಾರಣಕ್ಕೆ ಡಬ್ಬಿಯನ್ನು ಮುಚ್ಚಿಬಿಡುತ್ತಾರೆ. ಮೂಲಂಗಿ, ಎಲೆಕೋಸು, ಹೆಚ್ಚು ಹೊತ್ತು ಬೇಯಿಸಿದ ಮೊಟ್ಟೆ ಮೂರರಲ್ಲೂ ಗಂಧಕದ ವಾಸನೆ ಮುಚ್ಚಿದ ಡಬ್ಬಿಯಲ್ಲಿ ಕೂಡಿಕೊಳ್ಳುತ್ತದೆ. ಮೂಲಂಗಿಯನ್ನು ರಾತ್ರಿಯ ಊಟಕ್ಕೆ ಸರಿಸಿದೆ. ಮೊಟ್ಟೆಯನ್ನು ಕುದಿ ಬಂದ ಮೇಲೆ ಒಂಬತ್ತು ನಿಮಿಷಕ್ಕೆ ಇಳಿಸಿ ತಣ್ಣೀರಿಗೆ ಹಾಕಿದರೆ ಹಳದಿಯ ಸುತ್ತ ಹಸಿರು ಬಳೆ ಕಟ್ಟುವುದಿಲ್ಲ, ವಾಸನೆಯೂ ಅಷ್ಟು ಇರುವುದಿಲ್ಲ. ಮೊಟ್ಟೆಗೆ ಅನುಮತಿಯಿರುವ ಶಾಲೆಗಳವರು ಇದನ್ನು ಪ್ರಯತ್ನಿಸಬಹುದು.

ತುತ್ತಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಮಗನಿಗೆ ದೋಸೆಯನ್ನು ಸುರುಳಿ ಸುತ್ತಿ ಎರಡು ಬೆರಳಗಲಕ್ಕೆ ಕತ್ತರಿಸಿ ಕೊಟ್ಟಾಗ ಪೂರ್ತಿ ತಿಂದ. ಇಡಿಯಾಗಿ ಮಡಿಸಿಟ್ಟದ್ದು ಅರ್ಧ ಮರಳಿತು. ದ್ರಾಕ್ಷಿಯನ್ನು ಅವನಿಗೆ ಉದ್ದುದ್ದಕ್ಕೆ ಸೀಳಿಯೇ ಕೊಡುತ್ತೇನೆ, ಏಕೆಂದರೆ ಇಡೀ ದ್ರಾಕ್ಷಿ ಮತ್ತು ಇಡೀ ಕಡಲೆಕಾಯಿ ಬೀಜ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ಕಡಲೆಕಾಯಿ ಅವನ ಡಬ್ಬಿಗೆ ಪುಡಿಯಾಗಿ ಮಾತ್ರ ಹೋಗುತ್ತದೆ.

ಹತ್ತೂವರೆಯ ಸಣ್ಣ ಬಿಡುವಿಗೆ ಹಣ್ಣು. ಏಲಕ್ಕಿ ಬಾಳೆ ಸಿಪ್ಪೆಯೇ ತನ್ನ ಡಬ್ಬಿಯಾದ್ದರಿಂದ ಯಾವ ತಯಾರಿಯನ್ನೂ ಕೇಳುವುದಿಲ್ಲ. ಸೇಬನ್ನು ಹೋಳು ಮಾಡಿ ಉಪ್ಪುನೀರಿನಲ್ಲಿ ಕೆಲವು ನಿಮಿಷ ಅದ್ದಿ ತೊಳೆದರೆ ಕಂದಾಗುವುದು ತಡವಾಗುತ್ತದೆ, ಆದರೆ ನನ್ನ ಆಯ್ಕೆ ಸೀಬೆಹಣ್ಣು: ಅಗ್ಗ, ಬಣ್ಣ ಬೇಗ ಕೆಡುವುದಿಲ್ಲ, ಸಿ ಜೀವಸತ್ವದಲ್ಲಿ ಕಿತ್ತಳೆಯನ್ನೂ ಮೀರಿಸುತ್ತದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಅದರ ಗೇಟಿನಿಂದ 50 ಮೀಟರಿನೊಳಗೂ ಮಾರುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ಅದೇ ಕ್ರೀಮ್ ಬಿಸ್ಕತ್ತನ್ನು ಮನೆಯಿಂದಲೇ ಚೀಲಕ್ಕೆ ತುಂಬಿ ಕಳಿಸಿದರೆ ಆ ನಿಯಮಕ್ಕೆ ಅರ್ಥವಿರುವುದಿಲ್ಲ.

ಇನ್ನೂ ನಡೆಯುತ್ತಿರುವುದು

ಸದ್ಯ ಜೋಡಿ ಡಬ್ಬಿಯಲ್ಲಿರುವುದು ಜೋಳದ ರೊಟ್ಟಿ. ನನ್ನ ಹೆಂಡತಿಯ ತವರು ಧಾರವಾಡದ ಕಡೆಯಾದ್ದರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ನಮ್ಮ ಮನೆಯಲ್ಲಿ ಸದಾ ಇರುತ್ತವೆ. ಖಡಕ್ ರೊಟ್ಟಿ ಮೊದಲೇ ಒಣಗಿರುವುದರಿಂದ ಐದು ಗಂಟೆಗಳು ಅದಕ್ಕೆ ಏನನ್ನೂ ಮಾಡಲಾರವು. ಪುಡಿಯಾಗುವುದೊಂದೇ ತೊಂದರೆ, ಅದಕ್ಕೆ ಅಗಲ ದುಂಡು ಡಬ್ಬಿ ಹೊಂದಿತು. ಮಗಳು ರೊಟ್ಟಿಯನ್ನು ಮುರಿದು ಹೆಸರುಕಾಳು ಪಲ್ಯದ ಜೊತೆ ತಿಂದು ಡಬ್ಬಿಯನ್ನು ಖಾಲಿ ತಂದಿದ್ದಾಳೆ. ಮಗನ ಹಲ್ಲು ಬೀಳುವ ಕಾಲವಾದ್ದರಿಂದ ಅವನಿಗೆ ಅಗಿಯುವುದು ಕಷ್ಟವಾಗಿದೆ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಎಣ್ಣೆಯ ಜೊತೆ ಕುಟ್ಟಿ ಉಂಡೆ ಮಾಡುವ ಮುಟಗಿಯನ್ನು, ಖಾರ ತೀರಾ ಕಡಿಮೆ ಮಾಡಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿ ಕಟ್ಟಿ ಸೋಮವಾರ ಪರೀಕ್ಷಿಸಲಿದ್ದೇನೆ. ಬೆಳ್ಳುಳ್ಳಿಯ ವಾಸನೆ ಮುಚ್ಚಿದ ಡಬ್ಬಿಯಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಮೊದಲು ನಾನೇ ತೆರೆದು ನೋಡಬೇಕಾದ ಕಾರಣ, ಆ ದಿನ ಮಗನ ಚೀಲಕ್ಕೆ ಮೊಸರನ್ನವೇ ಹೋಗುತ್ತದೆ.